ಅಪ್ಪ ಇಟ್ಟ ಚುಕ್ಕೆಗಳು

ಬನಹಟ್ಟಿ
೧೨-೪-೧೯೮೮

ಅಕ್ಕ ಮಾದೇವಿಗೆ ತಂಗಿ ಶಿವಗಂಗವ್ವ ಮಾಡುವ ಶರಣು.

ನೀನು ನನಗೆ ನೋಡಲು ಕಳಿಸಿದ್ದ ಆಕಾಶದ ನಕ್ಷೆಯನ್ನು ನಿಮ್ಮ ವೇಧಶಾಲೆಯ ಸಾಹೇಬರಿಗೆ ಕೊಡಬೇಕೆಂದು ಮೊನ್ನೆ ಅಪ್ಪನ ಮಣ್ಣಿಗೆ ಬಂದಾಗ ವಾಪಸು ಕೇಳಿದೆ. ನಾನು ಹುಡುಕಿ ಕಳಿಸುತ್ತೇನೆ ಅಂದೆ. ಅದು ಕಳೆದಿರಲಿಲ್ಲ. ಎದುರಿಗೆ ಹೇಳಲು ಬಾಯಿ ಬರಲಿಲ್ಲ.

ನೀನು ಮದುವೆ ಬೇಡವೆಂದು ವೇಧಶಾಲೆಯ ಕೆಲಸಕ್ಕೆ ಹೋದ ಮೇಲೆ ಅಪ್ಪ ಎರಡು ವರ್ಷ ನಿನ್ನ ಹೆಸರು ಎತ್ತಿರಲಿಲ್ಲ. ಹಾಸಿಗೆ ಹಿಡಿದಾಗ ಒಂದು ದಿನ ಆ ಹಾಳೆ ಅವನ ಕೈಗೆ ಸಿಕ್ಕಿತು. ಮಗ್ಗದ ಮೇಲೆ ನೇಯುವ ಸೀರೆಯ ದಡಿಗೆ ಅವನು ಚಿತ್ರ ಬರೆಯುತ್ತಿದ್ದಂಥದ್ದೇ ಚೌಕದ ಹಾಳೆ. ಇದನ್ನೂ ನೀನು ಬರೆದ ದಡಿಯ ಚಿತ್ರವೆಂದೇ ತಿಳಿದ.

"ಮಾದೇವಿ ಎಷ್ಟೊಂದು ಎಳಿ ಬಿಟ್ಟಾಳ ನೋಡವಾ. ಹಿಂಗ ಕೊಟ್ರ ಸಾಹೇಬ್ರು ಬೈತಾರ ಆಕಿಗಿ" ಎಂದು ಪೆನ್ಸಿಲ್ ಕೇಳಿದ. ಖಾಲಿ ಜಾಗದಲ್ಲಿ ದಿನಾ ನಾಲ್ಕೈದು ಚುಕ್ಕೆ ಇಟ್ಟ.

ಒಂದೊಂದು ಚುಕ್ಕೆಯೂ ಒಂದೊಂದು ಗೆಲಾಕ್ಸಿ, ಅದರ ಬೆಳಕು ಎಷ್ಟು ಕೆಂಪಿಗೆ ಸರಿದಿದೆ ಎಂದು ಅಳೆದು ದೂರ ತಿಳಿಯುತ್ತೇವೆ, ಅವು ಎಳೆ ಎಳೆಯಾಗಿ ಕೂಡಿಕೊಂಡಿವೆ, ನಡುವಿನ ಜಾಗ ಖರೆಯಾಗಿಯೂ ಖಾಲಿ ಎಂದು ನೀನು ಬರೆದದ್ದು ನನಗೆ ನೆನಪಿತ್ತು. ಅಪ್ಪನಿಗೆ ಹೇಳಲಿಲ್ಲ. ಚುಕ್ಕೆ ಇಡುವಾಗ ಅವನು ನಿನ್ನ ಹೆಸರು ಹೇಳುತ್ತಿದ್ದ.

ನಕ್ಷೆ ಈ ಲಕೋಟೆಯಲ್ಲಿದೆ. ಎಡಗಡೆಯ ದೊಡ್ಡ ಖಾಲಿ ಜಾಗ ಅರ್ಧ ತುಂಬಿದೆ. ಅಲ್ಲಿಗೆ ಅವನ ಕೈ ನಿಂತಿತು.

ಸಾಹೇಬರಿಗೆ ಬೇರೆ ನಕ್ಷೆ ಬರೆದುಕೊಡು, ಅಕ್ಕಾ. ಇದರ ಮೇಲೆ ರಬ್ಬರ್ ಆಡಿಸಬೇಡ.

ನಿನ್ನ ತಂಗಿ,
ಶಿವಗಂಗವ್ವ