ವಿದಾದಳ ಮೂರು ಜಡೆ

ಲಾಕ್ ಲಾ ಬಿಶ್, ಆಲ್ಬರ್ಟಾ
೧೭ ಮಾರ್ಚ್ ೧೯೮೩

ಮಗಳೇ ರುದೈನಾ,

ನಿನಗೂ ನಿನ್ನ ಮನೆಯವರಿಗೂ ಸಲಾಂ. ನಿನ್ನ ಕಾಗದ ಬಂದು ಐದು ವಾರವಾಯಿತು. ಬೆರಳು ನೋವಿನ ನೆಪ ಹೇಳಬಹುದಿತ್ತು, ನಿಜವಾಗಿಯೂ ನೋಯುತ್ತಿವೆ. ಆದರೆ ತಡವಾದದ್ದು ಅದಕ್ಕಲ್ಲ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಚೆಂದದ ಸುಳ್ಳು ಬರೆದು ಒಲೆಗೆ ಹಾಕಿದೆ.

ಇಲ್ಲಿ ಸರೋವರ ಇನ್ನೂ ಕರಗಿಲ್ಲ. ಮಧ್ಯಾಹ್ನ ಬಿಸಿಲು ಬಿದ್ದರೆ ಮಂಜುಗಡ್ಡೆಯ ಅಡಿಯಿಂದ ಯಾರೋ ನರಳಿದ ಹಾಗೆ ಸದ್ದು ಬರುತ್ತದೆ. ನಿನ್ನ ದೊಡ್ಡಪ್ಪ ಹಾಸಿಗೆಯಿಂದಲೇ, "ಹಸೀಬಾ, ಯಾರೋ ಕರೀತಿದಾರೆ ನೋಡೇ" ಅನ್ನುತ್ತಾರೆ. ಕಿಟಕಿಗೆ ಹೋಗುತ್ತೇನೆ. ಬಿಳಿಯ ಬಯಲು ಬಿಟ್ಟರೆ ಏನೂ ಇಲ್ಲ, ಆದರೂ ತುಂಬ ಹೊತ್ತು ನಿಂತಿರುತ್ತೇನೆ.

ನೀನು ಬರೆದಿದ್ದೀಯ: "ಹಿಮಗಾಳಿಗೆ ವಿಮಾನ ನಿಂತು ಅಮ್ಮನ ಮುಖ ನೋಡೋಕೂ ಆಗ್ಲಿಲ್ಲ. ಆದ್ರೆ ಹನ್ನೊಂದು ವರ್ಷದ ಸಿಟ್ಟು ಬಿಟ್ಟು ನೀವೇ ಅವಳಿಗೆ ಕೊನೇ ಸ್ನಾನ ಮಾಡಿಸಿದ್ರಂತೆ. ನಿಮ್ಮಂಥ ಶುದ್ಧ ಮನಸ್ಸು ಯಾರಿಗಿದೆ, ದೊಡ್ಡಮ್ಮ?" ಆ ಸಾಲನ್ನು ಎಷ್ಟು ಸಲ ಓದಿದೆನೋ. ಮೊದಮೊದಲು ಸಿಹಿಯಾಗಿಯೇ ಇತ್ತು.

ಮೀಯಿಸಿದವಳು ಅಲ್ಲಿ ಕಂಡದ್ದನ್ನು ಹೊರಗೆ ಆಡಬಾರದು. ಹಾಗಾಗಿ ನಾನು ನಿನ್ನಮ್ಮನ ವಿಷಯ ಹೇಳುವುದಿಲ್ಲ, ನನ್ನ ವಿಷಯ ಹೇಳುತ್ತೇನೆ. ಈ ಊರಿನಲ್ಲಿ ತೀರಿಕೊಂಡ ಹೆಂಗಸರನ್ನು ಇಪ್ಪತ್ತು ವರ್ಷದಿಂದ ಮೀಯಿಸುತ್ತಿರುವವಳು ನಾನೇ. ಅಂದು ಸಹಾಯಕ್ಕೆ ಪಕ್ಕದ ಮನೆಯ ಉಮ್ ನಬೀಲ್ ಮತ್ತು ಇಮಾಮರ ಹೆಂಡತಿ ಸಿಹಾಂ ಬಂದಿದ್ದರು. ನೀರು ಹದವಾಗಿತ್ತು, ಮೊಣಕೈ ಅದ್ದಿ ನೋಡಿದ್ದೆ. ಬಲಗಡೆಯಿಂದ ಶುರು ಮಾಡಿ ಮೂರು ಸಲ ನೀರು, ಕೊನೆಯದಕ್ಕೆ ಕರ್ಪೂರ. ಕೋಣೆಯ ತುಂಬ ಬಿಳಿ ಹಬೆ, ಕಿಟಕಿಯಾಚೆ ಬಿಳಿ ಹಿಮ, ಯಾವುದು ಒಳಗೆ ಯಾವುದು ಹೊರಗೆ ಎಂದೇ ತಿಳಿಯುತ್ತಿರಲಿಲ್ಲ. ಕೂದಲು ಬಿಡಿಸಿ ಪದ್ಧತಿಯಂತೆ ಮೂರು ಜಡೆ ಹೆಣೆಯತೊಡಗಿದೆ. ಹೊಸ ಮದುಮಗಳಾಗಿ ನಿನ್ನಮ್ಮ ವಿದಾದ್ ಬಂದಾಗ ನಾವು ವಾರಗಿತ್ತಿಯರು ಒಲೆಯ ಮುಂದೆ ಕೂತು ಒಬ್ಬರ ಜಡೆ ಒಬ್ಬರು ಹೆಣೆಯುತ್ತಿದ್ದೆವು. "ಮೆಲ್ಲಗೆ ಎಳಿ ಅಕ್ಕ, ಇದು ನನ್ನ ತಲೆ, ಕತ್ತೆ ಹಗ್ಗ ಅಲ್ಲ" ಅನ್ನುತ್ತಿದ್ದಳು. ನನ್ನ ಬೆರಳುಗಳಿಗೆ ಆ ಕೂದಲಿನ ಗುರುತು ಸಿಕ್ಕಿತು. ಅಳು ಬಂತು.

ಆ ಅಳು ನಿಜವಾದದ್ದೇ, ಮಗಳೇ. ಅಷ್ಟರಲ್ಲಿ ಉಮ್ ನಬೀಲ್ ಸಿಹಾಂಳ ಕಿವಿಯಲ್ಲಿ, "ನೋಡೇ, ಮಾತು ಬಿಟ್ಟವಳಿಗೋಸ್ಕರ ಹೆಂಗೆ ಅಳ್ತಿದಾಳೆ. ಇದಕ್ಕಲ್ವಾ ದೊಡ್ಡ ಮನಸ್ಸು ಅನ್ನೋದು" ಅಂದಳು. ನನಗೆ ಕೇಳಿಸಿತು. ಕೇಳಿಸಿದ ಮೇಲೆ ಇನ್ನೂ ಸ್ವಲ್ಪ ಜೋರಾಗಿ ಅತ್ತೆ. ಅವರು ನೋಡುತ್ತಿದ್ದಾರೆಂದು ಕೊನೆಯ ಜಡೆಯನ್ನು ಮತ್ತಷ್ಟು ಒಪ್ಪವಾಗಿ ಹೆಣೆದೆ. ಮೊದಲ ಎರಡು ಜಡೆ ದೇವರಿಗೆ, ಮೂರನೆಯದು ಉಮ್ ನಬೀಲಳಿಗೆ.

ನೀರು ಮುಟ್ಟುವ ಮೊದಲು ನಿಯ್ಯತ್ತು ಕಟ್ಟಬೇಕು, ಇದು ಅಲ್ಲಾಹನಿಗಾಗಿ, ಬೇರೆ ಯಾರಿಗೂ ಅಲ್ಲ ಎಂದು. ಕಟ್ಟಿದ್ದೆ. ಜಡೆ ಮುಗಿಯುವಷ್ಟರಲ್ಲಿ ಬಿಚ್ಚಿಹೋಗಿತ್ತು. ಇನ್ನು ಈ ಕೆಲಸ ನನ್ನಿಂದಾಗದು ಎಂದು ಇಮಾಮರಿಗೆ ಹೇಳಿದೆ. ಅವರು, "ಜನರಿಗೋಸ್ಕರ ಮಾಡೋದು ಒಂದು ತಪ್ಪು, ತಾಯಿ. ಜನರಿಗೆ ಹೆದರಿ ಬಿಡೋದು ಇನ್ನೊಂದು. ಕೆಲಸ ಬಿಡ್ಬೇಡಿ, ನಿಯ್ಯತ್ತು ಮತ್ತೆ ಕಟ್ಟಿ" ಅಂದರು. ನನ್ನ ಮಗನ ವಯಸ್ಸಿನವರು, ಹೇಳುವುದು ಅವರಿಗೆ ಸುಲಭ.

ನಮ್ಮ ಜಗಳ ಹುಟ್ಟಿದ್ದೂ ಇದೇ ವಿಷಯಕ್ಕೆ, ನಿನಗೆ ಗೊತ್ತಿಲ್ಲ. ಆಗೆಲ್ಲ ನಿನ್ನಮ್ಮ ಬಾಣಂತಿಯರ ಮನೆ, ಕಾಯಿಲೆಯವರ ಮನೆ ಎಂದು ಅಡುಗೆ ಹೊತ್ತು ತಿರುಗುತ್ತಿದ್ದಳು. ಒಂದು ಈದ್ ದಿನ ಹೆಂಗಸರ ಮಧ್ಯೆ ನಾನು, "ವಿದಾದ್ ಒಂದು ರೊಟ್ಟಿ ಕೊಟ್ರೆ ಊರಿಗೆಲ್ಲ ಡಂಗುರ" ಎಂದುಬಿಟ್ಟೆ. ಎಲ್ಲರೂ ನಕ್ಕರು. ಅಂದಿನಿಂದ ಅವಳು ನನ್ನ ಹೊಸಿಲು ತುಳಿಯಲಿಲ್ಲ. ಯಾರ ಮನೆಗೂ ಪಾತ್ರೆ ಹಿಡಿದು ಹೋದದ್ದನ್ನು ಯಾರೂ ಕಾಣಲಿಲ್ಲ. "ಈಗ ಕೈ ಬಿಗಿಯಾಯ್ತು" ಎಂದು ಹೇಳಿಕೊಂಡು ತಿರುಗಿದವಳೂ ನಾನೇ.

ಈಗ ಕನಸಿಗೆ ಬರುತ್ತಾಳೆ. ಹೆಪ್ಪುಗಟ್ಟಿದ ಸರೋವರದ ನಡುವೆ ಒಂದು ಸ್ಟೂಲಿನ ಮೇಲೆ ನನಗೆ ಬೆನ್ನು ಹಾಕಿ ಕೂತಿರುತ್ತಾಳೆ. ಎರಡು ಜಡೆ ಹಾಗೇ ಇರುತ್ತವೆ, ಮೂರನೆಯದು ಬಿಚ್ಚಿಕೊಂಡು ಗಾಳಿಯಲ್ಲಿ ಹಾರಾಡುತ್ತಿರುತ್ತದೆ. ಹೆಣೆಯೋಣವೆಂದರೆ ನಾನು ನಡೆದಷ್ಟೂ ಅವಳು ಅಷ್ಟೇ ದೂರದಲ್ಲಿರುತ್ತಾಳೆ.

ಬೇಸಿಗೆಗೆ ಮಕ್ಕಳನ್ನು ಕರೆದುಕೊಂಡು ಬಾ. ಅಲ್ಲಾಹನು ನಿನ್ನ ಕೈಯಡುಗೆಗೆ ಬರಕತ್ತು ಕೊಡಲಿ, ನಿನ್ನಮ್ಮನ ಮಣ್ಣು ತಂಪಾಗಿಡಲಿ.

ನಿನ್ನ ದೊಡ್ಡಮ್ಮ,
ಹಸೀಬಾ

ಇನ್ನೊಂದು ಮಾತು. ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ದೊಡ್ಡಪ್ಪ ಹಾಸಿಗೆ ಹಿಡಿದ ಮೇಲೆ ನಾಲ್ಕು ಚಳಿಗಾಲ, ಪ್ರತಿ ಶುಕ್ರವಾರ ನಮ್ಮ ಬಾಗಿಲಲ್ಲಿ ಒಂದು ಜಾಡಿ ಇರುತ್ತಿತ್ತು. ಎಣ್ಣೆಯಲ್ಲಿ ಮುಳುಗಿಸಿದ ಮೊಸರುಂಡೆ, ಬಾಯಿಗೆ ಬಟ್ಟೆ, ಅದರ ಮೇಲೆ ಮೂರೆಳೆ ಹೆಣೆದ ಕೆಂಪು ಉಣ್ಣೆಯ ದಾರ. ಹೆಜ್ಜೆ ಗುರುತನ್ನು ಹಿಮ ಮುಚ್ಚಿಬಿಡುತ್ತಿತ್ತು. ಉಮ್ ನಬೀಲ್ ಇಡುತ್ತಾಳೆಂದುಕೊಂಡೆ. ಅವಳು "ನಾನಲ್ಲ ಕಣೇ" ಅಂದರೆ ವಿನಯಕ್ಕೆ ಹೇಳುತ್ತಾಳೆ ಅಂದುಕೊಂಡೆ. ಫೆಬ್ರವರಿಯಿಂದ ಜಾಡಿ ನಿಂತಾಗ ಅವಳ ಮೇಲೆ ಮುನಿಸಿಕೊಂಡೆ ಕೂಡ.

ಹೋದ ವಾರ ನಿನ್ನಮ್ಮನ ಅಡುಗೆಮನೆ ಖಾಲಿ ಮಾಡಲು ಹೋಗಿದ್ದೆ. ಡ್ರಾಯರಿನಲ್ಲಿ ಕೆಂಪು ದಾರಗಳ ಒಂದು ಕಟ್ಟು, ಎಲ್ಲವನ್ನೂ ಮೂರೆಳೆ ಹೆಣೆದು ಸಿದ್ಧವಾಗಿಟ್ಟಿದ್ದಳು.

ಹೋದ ಈದ್‌ನಲ್ಲಿ ನಾನು ಎಲ್ಲರೆದುರು ಉಮ್ ನಬೀಲಳ ಮೊಸರುಂಡೆಯನ್ನು ಹೊಗಳುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ವಿದಾದ್ ಅಷ್ಟು ವರ್ಷಗಳ ಮೇಲೆ ಮೊದಲ ಸಲ ಬಾಯಿಬಿಟ್ಟು, "ಉಪ್ಪು ಹೆಚ್ಚಾಗಿರ್ಲಿಲ್ಲ ತಾನೇ, ಅಕ್ಕ?" ಅಂದಳು. ನಾನು, "ಕೊಡದವರಿಗೆ ಉಪ್ಪಿನ ಚಿಂತೆ ಯಾಕಮ್ಮ?" ಅಂದೆ. ಮತ್ತೆ ಎಲ್ಲರೂ ನಕ್ಕರು. ಅವಳೂ ನಕ್ಕಳು.

ನನ್ನ ಕನಸಿನಲ್ಲಿ ಅವಳು ತಿರುಗಿ ನೋಡುವುದಿಲ್ಲ. ನಿನ್ನ ಕನಸಿಗೆ ಬಂದರೆ ಹೇಳು ಮಗಳೇ, ಉಪ್ಪು ಸರಿಯಾಗಿತ್ತು ಎಂದು.