ಗೋಡೆ ಒಡೆಯುತ್ತಿದ್ದವನಿಗೆ

ಬೆಲ್ಲೇರ್, ಒಹಾಯೊ
ಮಂಗಳವಾರ, ೧೦ ಡಿಸೆಂಬರ್ ೨೦೨೪

ಪ್ರೀತಿಯ ಲಾನಿ,

ಆಗಸ್ಟಿನಲ್ಲಿ ನಿನ್ನ ಹುಟ್ಟುಹಬ್ಬ ಬಂದು ಹೋಯಿತು, ಥ್ಯಾಂಕ್ಸ್‌ಗಿವಿಂಗ್ ಹಬ್ಬವೂ ಮುಗಿಯಿತು, ನನ್ನಿಂದ ಒಂದು ಸಾಲಿಲ್ಲ. ಬಯ್ಯಬೇಕೆನಿಸಿದರೆ ಬೈದುಬಿಡು. ನಿನ್ನ ಬಾಯಲ್ಲಿ ನನ್ನ ಹೆಸರು ಬಂದರೆ ಸಾಕು, ಬೈಗುಳವಾದರೂ ಸರಿ. ಮೊಣಕಾಲಿನ ಚಿಪ್ಪು ಬದಲಾಯಿಸಿಕೊಂಡು ಆರು ವಾರ ಮಲಗಿದ್ದೆ. ಕಾಲಿಗೆ ಆಪರೇಷನ್ ಆದರೆ ಕೈಗೇನಾಗಿತ್ತು ಎಂದು ನಿನ್ನ ಹೆಂಡತಿ ವರ್ಡೆಲ್ ಕೇಳುತ್ತಾಳೆ, ಗೊತ್ತು.

ಈ ಕಾಗದವನ್ನೂ ಅವಳೇ ನಿನಗೆ ಓದಿ ಹೇಳುತ್ತಾಳೆ. ನಿನ್ನನ್ನು ವರಾಂಡದ ಕುರ್ಚಿಯಲ್ಲಿ ಕೂರಿಸಿ, ಒಂದು ಸಾಲು ಓದಿ, ನಿನ್ನ ಮುಖ ನೋಡಿ, ಮತ್ತೊಂದು ಸಾಲು ಓದುತ್ತಾಳೆ. ಜುಲೈನಲ್ಲಿ ನಾನು ನಿಮ್ಮೂರು ಓಪೆಲೂಸಾಸ್‌ಗೆ ಬಂದಾಗ ಅದೇ ಕುರ್ಚಿಯಲ್ಲಿ ಕೂತಿದ್ದೆ ನೀನು. ನನ್ನನ್ನು ಕಂಡವನೇ, "ವರ್ಡೆಲ್, ಫ್ಯಾನ್ ರಿಪೇರಿಯವನು ಬಂದ ನೋಡು" ಎಂದೆ. ನಾನೂ ಸುಮ್ಮನೆ ಸ್ಟೂಲ್ ಹತ್ತಿ ಫ್ಯಾನಿನ ರೆಕ್ಕೆಗಳನ್ನು ಒರೆಸಿದೆ. ಇಳಿದ ಮೇಲೆ, "ಚೆನ್ನಾಗಿ ಮಾಡ್ದೆ ಕಣಯ್ಯ, ಊಟ ಮಾಡ್ಕೊಂಡು ಹೋಗು" ಎಂದು ನಿನ್ನ ತಟ್ಟೆಯನ್ನೇ ನನ್ನ ಕಡೆ ತಳ್ಳಿದೆ. ವರ್ಡೆಲ್ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಇರಲಿ, ನಮ್ಮ ಫುಟ್‌ಬಾಲ್ ಆಟದ ಸುದ್ದಿ ಹೇಳುತ್ತೇನೆ. ಅದನ್ನು ಕೇಳುವಾಗ ನೀನು ಕತ್ತೆತ್ತುತ್ತೀಯ ಎಂದು ವರ್ಡೆಲ್ ಹೇಳಿದ್ದಳು.

ಲಾನಿ, ನೀನು ಮಾಡುತ್ತಿದ್ದ ಕೆಲಸವೇ ಈಗ ಇಲ್ಲ ಕಣೋ. ಚೆಂಡು ಒದ್ದು ಆಟ ಶುರು ಮಾಡುವಾಗ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವವನ ಮುಂದೆ ಎದುರು ತಂಡದ ನಾಲ್ಕು ಜನ ಭುಜಕ್ಕೆ ಭುಜ ಸೇರಿಸಿ ಗೋಡೆ ಕಟ್ಟಿಕೊಂಡು ಬರುತ್ತಿದ್ದರಲ್ಲ, ನೀನು ಅರ್ಧ ಮೈದಾನ ಓಡಿಹೋಗಿ ತಲೆ ತಗ್ಗಿಸಿ ಆ ಗೋಡೆಗೆ ನುಗ್ಗುತ್ತಿದ್ದೆಯಲ್ಲ, ಆ ಗೋಡೆಯನ್ನು ನಿಷೇಧಿಸಿ ಹದಿನೈದು ವರ್ಷವಾಯಿತು. ಈ ವರ್ಷದಿಂದ ಆ ಓಟವೂ ಇಲ್ಲ. ಎರಡೂ ತಂಡದವರು ಎದುರುಬದುರು, ನಾಲ್ಕೈದು ಹೆಜ್ಜೆ ದೂರದಲ್ಲಿ, ಫೋಟೋ ತೆಗೆಸಿಕೊಳ್ಳುವವರ ಹಾಗೆ ಅಲ್ಲಾಡದೆ ನಿಂತಿರುತ್ತಾರೆ. ಚೆಂಡು ಯಾರ ಕೈಗಾದರೂ ಬೀಳುವವರೆಗೆ ಒಬ್ಬನೂ ಕಾಲು ಕಿತ್ತಿಡುವಂತಿಲ್ಲ. ಅಭ್ಯಾಸಕ್ಕೆ ಇಳಿದರೆ ಹೆಲ್ಮೆಟ್ ಮೇಲೆ ಇನ್ನೊಂದು ಮೆತ್ತನೆಯ ಟೊಪ್ಪಿಗೆ ಹಾಕುತ್ತಾರೆ, ನೋಡಲು ಅಣಬೆಗಳ ಹಾಗಿರುತ್ತಾರೆ. ತಲೆ ತಗ್ಗಿಸಿ ಗುದ್ದಿದರೆ ದಂಡ. ನಮ್ಮೂರಿನ ಕಾಫಿ ಅಂಗಡಿಯಲ್ಲಿ ಹಳೇ ಕಾರ್ಖಾನೆಯವರೆಲ್ಲ ಕೂತು, "ಇದು ಫುಟ್‌ಬಾಲೋ, ಬಾಲವಾಡಿಯೋ?" ಎಂದು ನನ್ನನ್ನು ಚುಡಾಯಿಸುತ್ತಾರೆ. ನಿನಗೆ ನೆನಪು ಸರಿಯಿದ್ದ ಕಾಲದಲ್ಲಿ ನೀನೂ ಟಿವಿ ಮುಂದೆ ಕೂತು, "ಇನ್ನು ಸ್ವಲ್ಪ ದಿನಕ್ಕೆ, ಸ್ವಾಮಿ ತಮ್ಮನ್ನ ಬೀಳಿಸಲಾ, ಅಂತ ಅಪ್ಪಣೆ ಕೇಳಿ ಬೀಳಿಸ್ಬೇಕಾಗುತ್ತೆ ನೋಡು" ಎಂದು ಗಹಗಹಿಸಿ ನಗುತ್ತಿದ್ದೆ. ಆಗ ನಾನೂ ನಕ್ಕಿದ್ದೆ.

ನನ್ನ ಕೆಲಸವೂ ಬದಲಾಗಿದೆ. ನಿನ್ನ ಕಾಲದಲ್ಲಿ ತಂಡದ ಟ್ರೇನರ್ ಎಂದರೆ ಮೈದಾನದ ಅಂಚಿನಲ್ಲಿ ಪಟ್ಟಿ, ಕತ್ತರಿ, ಮೂಸುವ ಔಷಧಿ ಹಿಡಿದು ನಿಂತಿರುವವನು. ಬಿದ್ದವನನ್ನು ಎಬ್ಬಿಸಿ ಮತ್ತೆ ಒಳಗೆ ಕಳಿಸುವುದೇ ಜಾಣತನ. ಈಗ ಒಂಬತ್ತು ವರ್ಷದಿಂದ ಮೈದಾನದ ಮೇಲೆ, ಗಾಜಿನ ಕೋಣೆಯಲ್ಲಿ, ದುರ್ಬೀನು ಇಟ್ಟುಕೊಂಡು ಕೂರುತ್ತೇನೆ. ಯಾವ ತಂಡದವನೂ ಅಲ್ಲ ನಾನು. ಬಿದ್ದವರಲ್ಲಿ ಸರಿಯಾಗಿ ಏಳದವನು ಯಾರು ಎಂದು ನೋಡುವುದಷ್ಟೇ ಕೆಲಸ. ಕಂಡರೆ ವೈರ್‌ಲೆಸ್‌ನಲ್ಲಿ ರೆಫರಿಗೆ ಹೇಳಿದರಾಯಿತು, ಆಟ ಅಲ್ಲೇ ನಿಲ್ಲುತ್ತದೆ. ಅವನನ್ನು ಹೊರಗೆ ಕರೆದು, ತಂಡಕ್ಕೆ ಸಂಬಂಧಪಡದ ವೈದ್ಯರು ಪರೀಕ್ಷಿಸುತ್ತಾರೆ. ಕೋಚ್ ಕೂಗಾಡಿದರೂ ನಡೆಯುವುದಿಲ್ಲ.

ಮೊನ್ನೆ ಭಾನುವಾರ ಹಾಗೇ ಆಯಿತು.

ಆಟದ ಕೊನೆಯ ಭಾಗ, ಇನ್ನು ಆರು ನಿಮಿಷವಿತ್ತು. ಆಟ ನಡೆಯುತ್ತಿದ್ದ ಊರಿನ ತಂಡ ನಾಲ್ಕು ಅಂಕ ಹಿಂದೆ. ಕಿಯಾನ್ ಟ್ರೆಡ್‌ವೆಲ್ ಎಂಬ ಇಪ್ಪತ್ತನಾಲ್ಕರ ಹುಡುಗ, ಅಂದೆಲ್ಲ ಅವನೊಬ್ಬನೇ ತಂಡವನ್ನು ಎಳೆದುಕೊಂಡು ಬಂದಿದ್ದ. ಮೈದಾನದ ನಡುವೆ ಚೆಂಡು ಹಿಡಿಯಲು ಹಾರಿದ. ಇನ್ನೂ ಕಾಲು ನೆಲ ಮುಟ್ಟಿರಲಿಲ್ಲ, ಬದಿಯಿಂದ ಬಂದವನ ಭುಜ ಅವನ ದವಡೆಗೆ ಬಡಿಯಿತು. ಬಿದ್ದ. ಹೊಡೆದವನಿಗೆ ದಂಡ ಹಾಕಿದರು. ಕಿಯಾನ್ ಚೆಂಡು ಬಿಡದೆ ಎದ್ದು ನಿಂತ, ಜನ ಹುಚ್ಚೆದ್ದು ಕೂಗಿದರು. ಎರಡು ಹೆಜ್ಜೆ ಇಟ್ಟ. ಮೂರನೆಯ ಹೆಜ್ಜೆಗೆ ಮೊಣಕಾಲುಗಳು ಒಂದೊಂದು ಕಡೆಗೆ ಹೋದವು, ಆಗ ತಾನೇ ಹುಟ್ಟಿದ ಕರುವಿನ ಕಾಲಿನಂತೆ. ಪಕ್ಕದಲ್ಲಿದ್ದವನು ಸಟ್ಟನೆ ಅವನ ಅಂಗಿಯ ಬೆನ್ನು ಹಿಡಿದುಕೊಂಡ. ಬೀಳದಿರಲಿ ಎಂದಲ್ಲ, ಲಾನಿ. ನಮಗೆ ಕಾಣದಿರಲಿ ಎಂದು. ಆ ಹಿಡಿತ ನಿನಗೂ ನನಗೂ ಗೊತ್ತಿರುವಂಥದ್ದೇ.

ನನ್ನ ಜೊತೆ ಕೆಲಸ ಮಾಡುವ ಯೆಸೆನಿಯಾ ಎಂಬ ಹುಡುಗಿ ಅಷ್ಟರಲ್ಲಿ ಆ ದೃಶ್ಯವನ್ನು ಹಿಂದಕ್ಕೆ ಓಡಿಸಿ ಪರದೆಯ ಮೇಲೆ ತಂದಿದ್ದಳು. "ಸರ್, ಕಾಲು ನೋಡಿ. ಹೇಳಿ ಸರ್, ಹೇಳಿಬಿಡಿ" ಎಂದಳು. ನಾನು ಹೇಳಲಿಲ್ಲ. ನಾಲ್ಕು ಸೆಕೆಂಡು ಸುಮ್ಮನಿದ್ದೆನಂತೆ, ಆಮೇಲೆ ಅವಳೇ ಲೆಕ್ಕ ಹೇಳಿದಳು. ಎಪ್ಪತ್ತು ಸಾವಿರ ಜನ ಕೆಳಗೆ ಅವನ ಹೆಸರು ಕೂಗುತ್ತಿದ್ದರು. ಆ ನಾಲ್ಕು ಸೆಕೆಂಡಿನಲ್ಲಿ ನಾನು ಎಲ್ಲಿಗೆ ಹೋಗಿದ್ದೆನೋ ದೇವರಿಗೇ ಗೊತ್ತು. ಕೊನೆಗೆ ಗುಂಡಿ ಒತ್ತಿ, ಅವನ ಅಂಗಿಯ ನಂಬರ್ ಹೇಳಿ, "ನಿಲ್ಲಿಸಿ" ಎಂದೆ.

ರೆಫರಿ ಸೀಟಿ ಊದಿ ಅವನನ್ನು ಹೊರಗೆ ಕಳಿಸಿದಾಗ ಜನ ಅರಚಿದ್ದು ಗಾಜಿನೊಳಗೂ ಕೇಳಿಸಿತು. ಅವನ ಹೆಲ್ಮೆಟ್ ಕಿತ್ತುಕೊಂಡು, ತಡಕಾಡಿದರೂ ಸಿಗದಿರಲೆಂದು ಬೀಗ ಹಾಕಿಟ್ಟರು. ಬದಲಿಗೆ ಬಂದವನು ಎರಡು ಸಲ ಚೆಂಡು ಕೈಬಿಟ್ಟ. ತಂಡ ಸೋತಿತು.

ಆಟ ಮುಗಿದ ಮೇಲೆ ಲಿಫ್ಟಿನಲ್ಲಿ ಕೆಳಗಿಳಿದೆ. ಆಟಗಾರರ ಮನೆಯವರು ಕಾಯುವ ಹಾದಿಯಲ್ಲಿ ಅವನೇ ಎದುರಾದ. ಕಪ್ಪು ಕನ್ನಡಕ, ಹೆಗಲಿಗೆ ಚೀಲ, ಪಕ್ಕದಲ್ಲಿ ಅವನ ತಾಯಿ. ನನ್ನ ಕುತ್ತಿಗೆಯ ಗುರುತುಚೀಟಿ ಓದಿದ.

"ಆ ಗಾಜಿನ ಕೋಣೆ ಮುದುಕ ನೀನೇನಾ?"

"ನಾನೇ."

"ನನ್ನ ಮೈ ಮುಟ್ಟಿ ನೋಡಿದ್ಯಾ? ಕಣ್ಣು ನೋಡಿದ್ಯಾ? ಮೇಲೆ ಕೂತು ಕಾಫಿ ಹೀರ್ತಾ, ಇವನ ತಲೆ ಕೆಟ್ಟಿದೆ ಅಂದ್ಬಿಟ್ಯಾ? ಷೂ ಜಾರ್ತು, ಅಷ್ಟೇ! ಎರಡು ವರ್ಷ ಬೆಂಚು ಕಾದು ಸಿಕ್ಕಿದ ಜಾಗ ಕಣೋ ಇದು. ಬುಧವಾರ ಅಭ್ಯಾಸಕ್ಕೆ ಅಲ್ಲಿ ಇನ್ನೊಬ್ಬ ನಿಂತಿರ್ತಾನೆ. ನಿನ್ನ ಮನೆಗೆ ಬಂದು ಕೂರ್ಲಾ ನಾನು?"

"ಕಿಯಾನ್! ದೊಡ್ಡವರ ಹತ್ರ ಹೀಗಾ ಮಾತಾಡೋದು?" ಎಂದು ತಾಯಿ ಅವನ ತೋಳು ಹಿಡಿದರು.

"ಬೈಲಿ ಬಿಡಮ್ಮ" ಎಂದೆ. "ಮಗಾ, ಇವತ್ತು ನೀನು ತೊಟ್ಟಿದ್ದ ಅಂಗಿ ಯಾವ ಬಣ್ಣದ್ದು?"

"ಇದೇನು ಹುಚ್ಚು ಪ್ರಶ್ನೆ? ಬಿಳಿ."

ಬಿಳಿ ಅಂಗಿ ತೊಟ್ಟಿದ್ದು ಹೋದ ವಾರ, ಪರ ಊರಿನಲ್ಲಿ. ಆಗಷ್ಟೇ ಬಿಚ್ಚಿದ ಕಡುಬಣ್ಣದ ಅಂಗಿಯ ತೋಳು ಅವನ ಚೀಲದಿಂದ ಹೊರಗೆ ನೇತಾಡುತ್ತಿತ್ತು. ತಾಯಿ ಅದನ್ನು ನೋಡಿದರು, ಮಗನ ಮುಖ ನೋಡಿದರು. ಅವನು ನಮ್ಮಿಬ್ಬರನ್ನೂ ನೋಡಿ, ಏನೋ ತಪ್ಪಾಗಿದೆ ಎಂದು ಹೊಳೆದು, ಆದರೆ ಏನೆಂದು ತಿಳಿಯದೆ, "ಏನಮ್ಮಾ?" ಎಂದ. ಅಷ್ಟು ಹೊತ್ತು ಗರ್ಜಿಸುತ್ತಿದ್ದವನ ದನಿ ಚಿಕ್ಕ ಮಗುವಿನದಾಗಿತ್ತು.

ಆ ತಾಯಿ ನನ್ನ ಎರಡೂ ಕೈ ಹಿಡಿದುಕೊಂಡರು. "ನಿಮ್ಮಂಥವರು ಒಬ್ಬರು ಮೇಲೆ ಕೂತಿದ್ರಲ್ಲ, ಅಷ್ಟೇ ಸಾಕು. ನಿಮ್ಮ ಹೊಟ್ಟೆ ತಣ್ಣಗಿರ್ಲಿ. ಎಷ್ಟು ಮಕ್ಕಳನ್ನ ಉಳಿಸಿದೀರೋ" ಎಂದು ಅತ್ತರು. ನಾನು ಕೈ ಬಿಡಿಸಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಸುಳ್ಳು ಹೇಳಿ ಬಂದುಬಿಟ್ಟೆ. ನನ್ನ ಕಾರು ಅಲ್ಲೇ ನಿಂತಿತ್ತು.

ನಿನ್ನೆ ರೇಡಿಯೋದಲ್ಲಿ ಇಡೀ ಬೆಳಗ್ಗೆ ನನ್ನ ಮರ್ಯಾದೆ ಕಳೆದರು. ಹುಡುಗನಿಗೆ ಕಡಿಮೆಯೆಂದರೂ ಎರಡು ವಾರ ಆಟವಿಲ್ಲವಂತೆ. ಅವನು ಹೆದರಿದ್ದ ಹಾಗೆಯೇ ಬೇರೊಬ್ಬನನ್ನು ಕರೆಸಿದ್ದಾರೆ. ಅವನ ಜಾಗ ಹೋದರೂ ಹೋಗಬಹುದು. ನಿಯಮ ತಲೆಯನ್ನು ಕಾಯುತ್ತದೆ, ಜಾಗವನ್ನು ಕಾಯುವುದಿಲ್ಲ. ಅದಕ್ಕೇ ಇವತ್ತಿಗೂ ಅಂಗಿಯ ಬೆನ್ನು ಹಿಡಿದು ನಿಲ್ಲಿಸುವ ಗೆಳೆಯರಿದ್ದಾರೆ.

ಇಲ್ಲಿ ಹಿಮ ಬೀಳಲು ಶುರುವಾಗಿದೆ. ನಿಮ್ಮ ಕಡೆ ಇನ್ನೂ ವರಾಂಡದಲ್ಲಿ ಕೂರುವಷ್ಟು ಬಿಸಿಲಿದೆಯಲ್ಲ, ಪುಣ್ಯವಂತ. ವರ್ಡೆಲ್ ಕೊಟ್ಟ ಮಾತ್ರೆಯನ್ನು ಉಗುಳಬೇಡ. ಅವಳು ಸ್ನಾನ ಮಾಡಿಸುವಾಗ ಕೈ ಬೀಸಬೇಡ ಕಣೋ, ಅವಳಿಗೂ ಅರವತ್ತೆರಡಾಯಿತು. ನಿನ್ನ ಮಗಳು ನೊಯೆಲ್ ಕ್ರಿಸ್‌ಮಸ್‌ಗೆ ಬರುತ್ತಾಳಂತೆ. ಅವಳು ತಬ್ಬಿಕೊಂಡಾಗ ಯಾರೆಂದು ತಿಳಿಯದಿದ್ದರೂ ಪರವಾಗಿಲ್ಲ, ನೀನೂ ತಬ್ಬಿಕೋ. ಭಗವಂತ ನಿನಗೆ ತಲೆನೋವಿಲ್ಲದ ಬೆಳಗುಗಳನ್ನು ಕೊಡಲಿ. ನಿನ್ನನ್ನು ಎತ್ತಿ ಕೂರಿಸುವ ಕೈಗಳಿಗೆ ಬಲ ಕೊಡಲಿ.

ನಿನ್ನ ಗೆಳೆಯ,
ಎಮಿಲ್ ಹ್ರುಸ್ಕಾ

ವಿ. ಸೂ. ತಂಗಿ ವರ್ಡೆಲ್, ಇಲ್ಲಿಂದ ಮುಂದೆ ಅವನಿಗೆ ಓದಬೇಡ. ಇದು ನಿನಗೆ.

ಹತ್ತು ವರ್ಷದ ಹಿಂದೆ, ಕಾಯಿಲೆ ಬಿದ್ದ ಹಳೆಯ ಆಟಗಾರರಿಗೆ ಪರಿಹಾರ ಕೊಡುವ ಮಾತು ಬಂದಾಗ ನೀನು ಫೋನ್ ಮಾಡಿದ್ದೆ. "ಎಮಿಲಣ್ಣ, ಎಂಬತ್ತಾರರ ಡಿಸೆಂಬರ್ ಆಟದಲ್ಲಿ ಇವರಿಗೆ ಪೆಟ್ಟಾದಾಗ ನೀವೇ ಹತ್ತಿರ ಇದ್ರಿ. ಅವತ್ತು ಏನಾಯ್ತು, ನಿಮಗೆ ನೆನಪಿದ್ರೆ ಬರೆದುಕೊಡ್ತೀರಾ?" ಎಂದು ಕೇಳಿದೆ. ನೆನಪಿಲ್ಲ ತಂಗಿ, ತುಂಬಾ ವರ್ಷ ಆಯ್ತು ಎಂದೆ. "ಪಾಪ, ನಿಮಗಾದರೂ ಎಷ್ಟು ಅಂತ ನೆನಪಿರುತ್ತೆ" ಎಂದು ನನ್ನನ್ನೇ ಸಮಾಧಾನ ಮಾಡಿ ಫೋನ್ ಇಟ್ಟೆ.

ನನಗೆ ಎಲ್ಲ ನೆನಪಿದೆ.

ಅವನು ಆ ಗೋಡೆಗೆ ನುಗ್ಗಿ ಬಿದ್ದು, ಒಂದು ನಿಮಿಷ ಮಿಸುಕಾಡಲಿಲ್ಲ. ಬೆಂಚಿಗೆ ತಂದು ಕೂರಿಸಿ ಮೂರು ಪ್ರಶ್ನೆ ಕೇಳಿದೆ. ಇದು ಯಾವ ಊರು, ಎದುರು ತಂಡ ಯಾವುದು, ನಿನ್ನ ಮಗಳ ಹೆಸರೇನು. ಮೂರಕ್ಕೂ ಅವನಲ್ಲಿ ಉತ್ತರವಿರಲಿಲ್ಲ. ನೊಯೆಲ್‌ಗೆ ಆಗ ಎಂಟು ತಿಂಗಳು. ನಮ್ಮ ಕೋಚ್ ಕಟುಕ, ಅವನ ಬಲವಂತಕ್ಕೆ ಎಲ್ಲ ಹೀಗಾಯಿತು ಎಂದು ನೀನು ಇಷ್ಟು ವರ್ಷ ನಂಬಿದ್ದೀಯ. ಅವನು ಸತ್ತಾಗ ಹೂವು ಕೂಡ ಕಳಿಸಲಿಲ್ಲ ನೀನು. ತಂಗಿ, ಕೋಚ್ ನನ್ನ ಬಳಿ ಬಂದು ಹೇಳಿದ್ದು ಇಷ್ಟೇ: "ಎಮಿಲ್, ಇವನ ಕೈಲಾಗಲ್ಲ ಅಂದ್ರೆ ಈಗ್ಲೇ ಹೇಳು, ಬೇರೆಯವನನ್ನ ಕಳಿಸ್ತೀನಿ." ಚೆನ್ನಾಗಿದ್ದಾನೆ ಎಂದವನು ನಾನು. ಆ ವರ್ಷವಷ್ಟೇ ನನ್ನನ್ನು ಮುಖ್ಯ ಟ್ರೇನರ್ ಮಾಡಿದ್ದರು. ಎಮಿಲ್ ಕೈಗೆ ಸಿಕ್ಕವನು ಮತ್ತೆ ಎದ್ದು ಆಡುತ್ತಾನೆ ಎಂದು ಹೆಸರಾಗಿತ್ತು. ಆ ಹೆಸರು ನನಗೆ ರುಚಿಸಿತ್ತು. ಬೇರೆ ಕಾರಣವಿಲ್ಲ, ಹುಡುಕಿ ನೋಡಿದ್ದೇನೆ.

ಅವನು ಅವತ್ತೇ ಆಮೇಲೆ ಇನ್ನೂ ನಾಲ್ಕು ಸಲ ಆ ಗೋಡೆಗೆ ನುಗ್ಗಿದ.

ಇದನ್ನೆಲ್ಲ ನಿನ್ನೆ ನೋಟರಿಯ ಎದುರು ಬರೆದು ಸಹಿ ಮಾಡಿದ್ದೇನೆ, ಬೇರೆ ಲಕೋಟೆಯಲ್ಲಿ ಬರುತ್ತದೆ. ವಕೀಲರಿಗೆ ಕೊಡು, ಪತ್ರಿಕೆಗೆ ಕೊಡು, ನಿನ್ನಿಷ್ಟ. ನನ್ನ ಕೆಲಸಕ್ಕೂ ರಾಜೀನಾಮೆ ಬರೆದಿದ್ದೆ. ಯೆಸೆನಿಯಾ ಅದನ್ನು ಓದಿ, "ನೀವು ಎದ್ದುಹೋದರೆ ಯಾರಿಗೆ ಒಳ್ಳೆಯದಾಗುತ್ತೆ ಸರ್?" ಎಂದಳು. ಇನ್ನೂ ಕಳಿಸಿಲ್ಲ. ನೀನು ಕಳಿಸು ಎಂದರೆ ಕಳಿಸುತ್ತೇನೆ. ಇನ್ನು ನಿಮ್ಮ ಮನೆಗೆ ಬರಬೇಡ ಎಂದರೂ ಸರಿಯೇ.

ಒಂದು ಮಾತನ್ನು ಮಾತ್ರ ನೋಟರಿಯ ಎದುರು ಬರೆಯಲಾಗಲಿಲ್ಲ. ಅವತ್ತು ಬೆಂಚಿನ ಮೇಲೆ ಲಾನಿ ತಾನೇ ಹೆಲ್ಮೆಟ್ ತೆಗೆದು ನನ್ನ ತೊಡೆಯ ಮೇಲೆ ಇಟ್ಟಿದ್ದ. "ನಾನು ಮನೆಗೆ ಹೋಗ್ಲಾ?" ಎಂದು ಕೇಳಿದ. ನಾನು ಅದನ್ನು ಮತ್ತೆ ಅವನ ತಲೆಗೆ ಹಾಕಿದೆ. ಗದ್ದದ ಕೆಳಗಿನ ಪಟ್ಟಿಯ ಗುಂಡಿ ಅವನ ಬೆರಳಿಗೆ ಸಿಗುತ್ತಿರಲಿಲ್ಲ. ನಾನೇ ಹಾಕಿಕೊಟ್ಟೆ.