ಬೆರಳು ಎತ್ತುವ ಸ್ಪ್ರಿಂಗ್

ಜನವರಿ 9

ಬೆಳಿಗ್ಗೆ ರಿಪೇರಿ ಅಂಗಡಿಯಲ್ಲಿ ಬ್ಯಾಂಡಿನವರ ಸ್ಯಾಕ್ಸೊಫೋನಿಗೆ ತೂತು ಮುಚ್ಚುವ ಮೆತ್ತನೆಯ ಪ್ಯಾಡ್ ಬದಲಿಸಿದೆ. ಆಮೇಲೆ ತಂಗಿಯ ಕ್ಲಾರಿನೆಟ್. ಬೆರಳಿನಿಂದ ತೂತು ಪೂರ್ತಿ ಮುಚ್ಚಲು ಅವಳಿಗೆ ಆಗುತ್ತಿಲ್ಲ. ಗಾಳಿ ಸೋರಿ ಸ್ವರ ಕೀರಲಾಗುತ್ತದೆ. ಅದಕ್ಕೇ ಒಂದೊಂದು ತೂತಿಗೂ ಪ್ಯಾಡ್ ಇರುವ ಮುಚ್ಚಳದ ಕೀ ಕೂರಿಸುತ್ತಿದ್ದೇನೆ. ಬೆರಳು ಓರೆಯಾಗಿ ಬಿದ್ದರೂ ತೂತು ಮುಚ್ಚುತ್ತದೆ. ವಾದ್ಯದ ಭಾರ ಹೊರಲು ಸ್ಟ್ಯಾಂಡ್ ಆಗಲೇ ಸಿದ್ಧ.

ಡಾಕ್ಟರ್ ಹೇಳಿದ್ದು ಇಷ್ಟು — ನರದ ಕಾಯಿಲೆ, ಕೈಯಿಂದ ಶುರು, ನಿಲ್ಲುವುದಿಲ್ಲ. ಆಸ್ಪತ್ರೆಯಿಂದ ಹೊರಗೆ ಬಂದವಳೇ, "ಅಣ್ಣಾ, ಉಸಿರಿರೋವರೆಗೂ ನುಡಿಸ್ಬೇಕು. ಅದೊಂದು ನೀನು ನೋಡ್ಕೋ. ಉಳಿದಿದ್ದು ಇವ್ರು ನೋಡ್ಕೋತಾರೆ" ಅಂದಳು. ಇವರು ಅಂದರೆ ಅವಳ ಗಂಡ. ಪಾಪ, ಮೆಟ್ಟಿಲ ಮೇಲೆ ಕೂತು ಕಟ್ಟಿದ್ದ ಶೂ ದಾರವನ್ನೇ ಮತ್ತೆ ಕಟ್ಟುತ್ತಿದ್ದ.

ಜನವರಿ 23

ಕೊಟ್ಟು ಬಂದೆ. ನಿಧಾನದ ಭಾಗ ಚೆನ್ನಾಗಿ ನುಡಿಸಿದಳು. ಓಟದ ಸ್ವರಗಳಲ್ಲಿ ಬೆರಳು ಹಿಂದೆ ಬೀಳುತ್ತದೆ. ಒತ್ತಲು ಶಕ್ತಿ ಸಾಲದು — ಅದೇ ಇರಬೇಕು. ಕೀಗಳ ಸ್ಪ್ರಿಂಗ್‌ಗಳನ್ನೆಲ್ಲ ಸಡಿಲ ಮಾಡಿದೆ. ಈಗ ಉಫ್ ಅಂದರೆ ಕೀ ಕೆಳಗಿಳಿಯಬೇಕು, ಅಷ್ಟು ಹಗುರ. ಇಷ್ಟು ನಾಜೂಕಾಗಿ ಬೇರೆ ಯಾರಾದರೂ ಮಾಡಲಿ ನೋಡೋಣ.

ಫೆಬ್ರವರಿ 6

ಅವಳು ನುಡಿಸುವುದು ಮೊದಲಿಗಿಂತ ಕೆಟ್ಟಿದೆ. ಕೇಳಿದರೆ "ಚೆನ್ನಾಗಿದೆ ಅಣ್ಣಾ" ಅನ್ನುತ್ತಾಳೆ. ನನಗೇನು ಕಿವಿ ಇಲ್ಲವೇ? ಇನ್ನಷ್ಟು ಸಡಿಲ ಮಾಡಿದೆ.

ಫೆಬ್ರವರಿ 15, ಮಧ್ಯಾಹ್ನ

ಅವಳ ಗಂಡ ಅಂಗಡಿಗೆ ಬಂದ. ಕೂರು ಅಂದರೂ ಕೂರಲಿಲ್ಲ.

"ಭಾವ, ಬೇಜಾರು ಮಾಡ್ಕೋಬೇಡಿ. ನೀವು ಸಡಿಲ ಮಾಡಿದಷ್ಟೂ ಅವಳಿಗೆ ಕಷ್ಟ ಆಗ್ತಿದೆ. ಬೆರಳು ಒತ್ತೋಕೆ ಬರುತ್ತೆ, ಎತ್ತೋಕೆ ಬರಲ್ಲ. ಲೋಟ ಹಿಡಿದ್ರೆ ನಾನೇ ಬೆರಳು ಬಿಡಿಸ್ಬೇಕು."

"ಮತ್ತೆ ಅವಳ್ಯಾಕೆ ಹೇಳ್ಲಿಲ್ಲ?"

"ಅಷ್ಟು ಖುಷಿಯಾಗಿ ಮಾಡ್ಕೊಟ್ರಲ್ಲ… ಬಾಯಿ ಬರ್ಲಿಲ್ವಂತೆ."

ಅವನು ಹೋದ ಮೇಲೆ ಕೂತೇ ಇದ್ದೆ. ಸ್ಪ್ರಿಂಗ್ ಇರುವುದೇ ಕೀಯನ್ನು ಮೇಲಕ್ಕೆ ತಳ್ಳಲು. ಕೀ ಜೊತೆ ಬೆರಳೂ ಮೇಲೇಳುತ್ತದೆ. ಅವಳಿಗಿದ್ದ ಆ ಆಸರೆಯನ್ನೂ ನಾನೇ ಕಿತ್ತು ಹಾಕಿದ್ದೇನೆ. ವಾದ್ಯ ನೋಡಿದ್ದೇ ನೋಡಿದ್ದು, ಒಂದು ಸಲ ಅವಳ ಕೈ ಹಿಡಿದು ನೋಡಲಿಲ್ಲ. ನಾಚಿಕೆಯಾಯಿತು.

ಫೆಬ್ರವರಿ 17

ಗಟ್ಟಿ ಸ್ಪ್ರಿಂಗ್ ಹಾಕಿದೆ. ಒಂದೊಂದು ಬೆರಳಿಗೂ ಒಂದೊಂದು ಬಿಗಿ. ಈ ಸಲ ಅವಳ ಪಕ್ಕ ಕೂತು, ಬೆರಳು ಹಿಡಿದು ನೋಡಿಯೇ. ಬೈದೆ ಕೂಡ.

"ಬಾಯಿಗೇನು ಬೀಗ ಹಾಕ್ಕೊಂಡಿದ್ಯಾ?"

"ನಿನ್ ಮುಖ ನೋಡ್ಬೇಕಿತ್ತು ಅಣ್ಣಾ. ಆಕಾಶಕ್ಕೆ ಮೂರೇ ಗೇಣು!"

ನಕ್ಕೆವು. ನುಡಿಸಿದಳು. ಬೆರಳು ಪುಟಿದು ಏಳುತ್ತಿತ್ತು. ಅವಳ ಗಂಡ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತ. ನೀರಿನ ಸದ್ದಿನಲ್ಲೂ ಕೇಳಿಸಿತು.

ಜೂನ್ 2

ಬರೆಯಲು ಮನಸ್ಸೇ ಇರಲಿಲ್ಲ. ಬೆರಳು ಇನ್ನೂ ಅಷ್ಟೋ ಇಷ್ಟೋ ಆಡುತ್ತದೆ. ಉಸಿರು ಸಾಲುತ್ತಿಲ್ಲ. ಒಂದು ಸ್ವರ ಹಿಡಿಯುವಷ್ಟರಲ್ಲಿ ಕೆಮ್ಮು. ಇದಕ್ಕೆ ಯಾವ ಸ್ಪ್ರಿಂಗ್ ಹಾಕಲಿ?

ಜೂನ್ 8, ಸಂಜೆ

ಊದುವ ತುದಿಯನ್ನು ಹಿಂದುಮುಂದಾಗಿ ತಿರುಗಿಸಿದೆ. ಈಗ ಅವಳೆದುರು ಕೂತು ನಾನು ಊದುವುದು, ಅವಳು ಬೆರಳಾಡಿಸುವುದು. ರಿಪೇರಿ ಆಯಿತೋ ಇಲ್ಲವೋ ನೋಡಲು ಎರಡು ಸ್ವರ ಊದುವವನು ನಾನು, ಅದಕ್ಕಿಂತ ಹೆಚ್ಚು ಬಾರದು.

"ಬಲೂನ್ ಊದ್ತಿದ್ಯಾ?" ಅಂದಳು. ದನಿ ಪಿಸುಮಾತಿನಷ್ಟು. "ಮೆಲ್ಲಗೆ… ನನ್ನ ನೋಡ್ಕೊಂಡು ಊದು."

ನೋಡಿದೆ. ನನ್ನ ಜೊತೆಗೇ ಅವಳ ತುಟಿಯೂ ಬಿಗಿಯುತ್ತಿತ್ತು. ಹಾಡು ಪೂರ್ತಿ ಆಯಿತು. ಇಷ್ಟು ಸಂತೋಷ, ಇಷ್ಟು ಸಂಕಟ — ಒಟ್ಟಿಗೇ ಬಂದದ್ದು ಇದೇ ಮೊದಲು.

ಜೂನ್ 20

ದಿನಾ ಸಂಜೆ ಹೋಗುತ್ತೇನೆ. ಅಂಗಡಿ ಬೇಗ ಮುಚ್ಚುತ್ತಾನೆ ಎಂದು ಗಿರಾಕಿಗಳ ಗೊಣಗಾಟ. ಗೊಣಗಲಿ.

ಜುಲೈ 11

ಬಲಗೈ ನಿಂತಿತು. ಎಡಗೈಯಲ್ಲಿ ಬರುವಷ್ಟು ನುಡಿಸಿದೆವು. ಚಿಕ್ಕ ಚಿಕ್ಕದು.

ಜುಲೈ 30

ಅವಳ ಬೆರಳುಗಳನ್ನು ಗಂಡನೇ ಕೀಗಳ ಮೇಲಿಟ್ಟ. ಊದಿದೆ. ಮೊದಲ ಸ್ವರ ಬಂತು. ಎರಡನೆಯದಕ್ಕೆ ಕಾದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಬೆರಳು ಆಡಲಿಲ್ಲ, ಅದೇ ಸ್ವರ. ನಿಲ್ಲಿಸಿದರೆ ಮುಗಿಯಿತು — ಅವಳಿಗೂ ಗೊತ್ತು, ನನಗೂ ಗೊತ್ತು. ಎದೆ ಬಿರಿಯುವವರೆಗೆ ಊದಿದೆ. "ಸಾಕು ಭಾವ" ಅಂದ ಅವನು. ಅವಳು ಕಣ್ಣು ತೆಗೆಯಲಿಲ್ಲ. ಉಸಿರು ಎಳೆದುಕೊಂಡು ಮತ್ತೆ ಅದೇ ಸ್ವರ ಊದಿದೆ.